ಯಾತ್ರೆಯ ಕೊನೆಯ ದಿನ

ತಲಕಾವೇರಿಯೂ ಭಾಗಮಂಡಲವೂ ಮುಗಿದಿದ್ದುವು. ಕೊನೆಯ ದಿನಕ್ಕೆಂದು ಮಗನು ಹೆಚ್ಚಿನ ಏರ್ಪಾಡನ್ನು ಮಾಡಿರಲಿಲ್ಲ. ಬೈಲುಕುಪ್ಪೆಯನ್ನು ನೋಡಿಕೊಂಡು ಸಂಜೆಗೆ ಬೆಟ್ಟದಪುರವನ್ನು ಸೇರುವುದು, ಅಷ್ಟೆ. ಯಾತ್ರೆಯಲ್ಲಿ ಇಂತಹ ಒಂದು ಬಿಡುವಿನ ದಿನವಿರಬೇಕು; ಇಲ್ಲದಿದ್ದರೆ ನೋಡಿದುದೊಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಬೈಲುಕುಪ್ಪೆಯ ನಮ್ಡ್ರೋಲಿಂಗ್ ವಿಹಾರದಲ್ಲಿ ತಾಯಿಯು ಹೊಂಬಣ್ಣದ ಬುದ್ಧಮೂರ್ತಿಗೆ ಕೈಮುಗಿದು, ಹೊರಗೆ ಜಪಸರವನ್ನೆಣಿಸುತ್ತಿದ್ದ ಟಿಬೆಟ್ಟಿನ ಮುದುಕಿಯೊಬ್ಬಳ ಪಕ್ಕದಲ್ಲಿ ಕುಳಿತರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಬಹಳ ಹೊತ್ತು ಏಳಲಿಲ್ಲ. ಚೀನದ ಆಳ್ವಿಕೆಯಿಂದ ತಪ್ಪಿಸಿಕೊಂಡು 1959ರಿಂದೀಚೆಗೆ ಬಂದವರಿಗೆ ಅಂದಿನ ಮೈಸೂರು ಸರ್ಕಾರವು ಇಲ್ಲಿ ಕಾಡುನೆಲವನ್ನು ಕೊಟ್ಟಿತೆಂದೂ, 1961ರ ವೇಳೆಗೆ ಈ ನೆಲಸು ಆರಂಭವಾಯಿತೆಂದೂ ಮಗನು ವಿವರಿಸಿದನು.

“ಹಾಗಾದರೆ ಈಕೆ ತವರನ್ನು ಮತ್ತೆ ನೋಡಿಯೇ ಇಲ್ಲವೇನಪ್ಪ?” ಎಂದರು ತಾಯಿ. ಮಗನಿಂದ ಉತ್ತರ ಬರಲಿಲ್ಲ.

ಬೆಟ್ಟದಪುರವೇ ತಾಯಿಯ ತವರು. ಬೆಟ್ಟದ ಮೇಲಿನ ಸಿಡಿಲು ಮಲ್ಲಿಕಾರ್ಜುನನ ಗುಡಿಗೆ 3000ಕ್ಕೂ ಹೆಚ್ಚು ಮೆಟ್ಟಲು. ಹುಡುಗಿಯಾಗಿದ್ದಾಗ ತಂದೆಯ ಕೈಹಿಡಿದು ಹತ್ತಿದ್ದವರು. ಈಗ ಮಂಡಿ ಒಪ್ಪದು. “ನೀನು ಹೋಗಿ ಬಾ, ನಾನಿಲ್ಲಿ ಕೂತಿರುತ್ತೇನೆ” ಎಂದು ತೆಂಗಿನಕಾಯಿಯನ್ನು ಮಗನ ಕೈಗಿತ್ತರು.

ಇನ್ನೂರು ಮೆಟ್ಟಲು ಹತ್ತಿ ಮಗನು ಹಿಂತಿರುಗಿ ನೋಡಿದನು. ಮರದ ನೆರಳಿನಲ್ಲಿ ತಾಯಿ ಕಾಣಿಸಲಿಲ್ಲ. ಇಳಿದು ಬಂದನು.

“ಇಷ್ಟು ಬೇಗ ದರ್ಶನವಾಯಿತೇ?”

“ಅಲ್ಲಿಂದ ನೀನು ಕಾಣಲಿಲ್ಲ, ಅಮ್ಮ.”

ಆಕೆ ಮಾತನಾಡದೆ ಕಾಯನ್ನು ಹಿಂದಕ್ಕೆ ಪಡೆದು, ಮೊದಲ ಮೆಟ್ಟಲ ಮೇಲೆಯೇ ಒಡೆಸಿದರು. ಒಂದು ಹೋಳನ್ನು ಅಲ್ಲಿಯೇ ಇಟ್ಟು, ಇನ್ನೊಂದರಿಂದ ಚೂರನ್ನು ಬಿಡಿಸಿ ಮಗನ ಅಂಗೈಗೆ ಹಾಕಿದರು.