ಯುವೆಂಡುಮುವಿನ ಬಾಗಿಲುಗಳು

ಶಾಲೆಯ ಬಾಗಿಲಿಗೆ ಬಣ್ಣ ಬಳಿಯುವುದು ಸಾಮಾನ್ಯವಾಗಿ ಗುತ್ತಿಗೆದಾರನ ಕೆಲಸ. ಮಧ್ಯ ಆಸ್ಟ್ರೇಲಿಯಾದ ಯುವೆಂಡುಮುವಿನಲ್ಲಿ ಅದು ಊರ ಹಿರಿಯರ ಕೆಲಸವಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ವಾರ್ಲ್‌ಪಿರಿ ಜನಾಂಗದ ಹಿರಿಯರು ಕುಂಚ ಹಿಡಿದು, ಶಾಲೆಯ 30 ಬಾಗಿಲುಗಳ ಮೇಲೆ ತಮ್ಮ ನೆಲದ ಪುರಾಣಗಳನ್ನು ಚಿತ್ರಿಸಿದರು. ತರಗತಿಗೆ ಕಾಲಿಡುವ ಮಗು ತನ್ನ ಮನೆತನದ ನೆಲವನ್ನು ಮೊದಲು ಕಾಣಲಿ ಎಂಬುದು ಅವರ ಆಶಯ. ಮಕ್ಕಳು ಆ ಚಿತ್ರಗಳ ಮೇಲೆಯೂ ಗೀಚಿದರು, ಮಕ್ಕಳಲ್ಲವೇ!

ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 290 ಕಿಲೋಮೀಟರ್ ದೂರದ ಈ ಊರನ್ನು 1946ರಲ್ಲಿ ಸರ್ಕಾರ ಪಡಿತರ ಹಂಚುವ ಠಾಣ್ಯವಾಗಿ ಕಟ್ಟಿತು. ಇಂದಿಗೂ ಸಾವಿರ ಜನರಿಲ್ಲ. ಆದರೆ ಊರಿಗಿಂತಲೂ ಬಹು ಹಳೆಯದು ಅಲ್ಲಿನ ಆಡಳಿತ. ವಾರ್ಲ್‌ಪಿರಿಗಳಲ್ಲಿ ಒಂದು ನೆಲಕ್ಕೆ, ಅದರ ಕಥೆಗೆ, ವಿಧಿಗೆ ತಂದೆಯ ಕಡೆಯಿಂದ ಹಕ್ಕು ಪಡೆದವರು ‘ಕಿರ್ದಾ’. ಅದೇ ನೆಲದೊಡನೆ ತಾಯಿಯ ಕಡೆಯಿಂದ ಸಂಬಂಧವುಳ್ಳವರು ‘ಕುರ್ದುಂಗುರ್ಲು’. ವಿಧಿಯನ್ನು ಆಚರಿಸುವವರು ಕಿರ್ದಾ. ಅದು ಕ್ರಮಬದ್ಧವಾಗಿ ನಡೆಯಿತೇ ಎಂದು ನೋಡುವವರು, ತಪ್ಪಿದಲ್ಲಿ ತಡೆಯುವವರು ಕುರ್ದುಂಗುರ್ಲು. ಇವರಿಲ್ಲದೆ ಅವರು ಮುಂದುವರಿಯಲಾಗದು. ಒಂದು ನೆಲದ ಒಡೆಯ ಇನ್ನೊಂದು ನೆಲಕ್ಕೆ ಕಾವಲುಗಾರನಾಗುವುದರಿಂದ ಯಾರೊಬ್ಬರೂ ಎಲ್ಲೆಡೆ ಒಡೆಯರಲ್ಲ. ಅಧಿಕಾರ ವಿಭಜನೆಯ ತತ್ತ್ವವನ್ನು ಗ್ರಂಥಗಳಲ್ಲಿ ಓದಿದವರಿಗೆ ಇದು ವಿಸ್ಮಯ ತರಬೇಕು.

1976ರ ಭೂಹಕ್ಕು ಕಾಯಿದೆ ಈ ಒಡೆತನವನ್ನು ತಕ್ಕಮಟ್ಟಿಗೆ ಮನ್ನಿಸಿ, ನೆಲವನ್ನು ಮಾರಲಾಗದಂತೆ ನ್ಯಾಸಗಳ ವಶಕ್ಕೆ ಕೊಟ್ಟಿತು. ಊರಿಗೆ ತನ್ನದೇ ಮಂಡಳಿಯೂ ಇತ್ತು. 1990ರ ದಶಕದಲ್ಲಿ ಹೆಂಗಸರೇ ರಾತ್ರಿ ಗಸ್ತು ಆರಂಭಿಸಿ ಕುಡಿತದ ಕಲಹಗಳನ್ನು ಹತೋಟಿಗೆ ತಂದರು.

2007ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ತುರ್ತು ಕಾನೂನು ತಂದಿತು. ಮಕ್ಕಳ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಊರುಗಳನ್ನು ಐದು ವರ್ಷಗಳ ಗೇಣಿಗೆ ಸರ್ಕಾರವೇ ತೆಗೆದುಕೊಂಡದ್ದು, ಜನಾಂಗ ತಾರತಮ್ಯ ನಿಷೇಧ ಕಾಯಿದೆಯ ರಕ್ಷಣೆಯನ್ನೇ ಬದಿಗಿಟ್ಟದ್ದು ಯಾವ ನ್ಯಾಯ? ಮರುವರ್ಷ, 2008ರ ಜುಲೈ 1ರಂದು, ಸಣ್ಣ ಮಂಡಳಿಗಳು ರದ್ದಾದವು. ಯುವೆಂಡುಮು ಸೇರಿದ ಹೊಸ ಆಡಳಿತ ಪ್ರದೇಶ ಇಡೀ ಕರ್ನಾಟಕಕ್ಕಿಂತ ವಿಸ್ತಾರವಾದದ್ದು. ಅದರ ಕಚೇರಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ಅಂದರೆ ತಾನು ಆಳುವ ಪ್ರದೇಶದ ಹೊರಗೆ! ಊರಿನವರಿಗೆ ಉಳಿದದ್ದು ಸಲಹೆ ನೀಡುವ ಅಧಿಕಾರ.

ಅದೇ ವರ್ಷದ ಕೊನೆಗೆ ಬಂದ ಆದೇಶ ಶಾಲೆಯನ್ನು ಮುಟ್ಟಿತು. 1970ರ ದಶಕದಿಂದ ಅಲ್ಲಿ ಮಕ್ಕಳು ಮೊದಲು ವಾರ್ಲ್‌ಪಿರಿಯಲ್ಲಿ ಓದುಬರಹ ಕಲಿತು, ಬಳಿಕ ಇಂಗ್ಲಿಷಿಗೆ ದಾಟುತ್ತಿದ್ದರು. ಇನ್ನು ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿಗೇ ಮೀಸಲು ಎಂದಿತು ಆದೇಶ. ತಾಯ್ನುಡಿಗೆ ದೊರೆತದ್ದು ಮಕ್ಕಳು ದಣಿದ ಮಧ್ಯಾಹ್ನ. ಭಾರತದಲ್ಲಾದರೆ ಸಂವಿಧಾನದ 350ಎ ವಿಧಿಯನ್ನಾದರೂ ಎತ್ತಿ ತೋರಿಸಬಹುದು (ಅದರ ಪಾಲನೆ ಹೇಗಿದೆ ಎಂಬುದನ್ನು ಗಡಿಯಾಚೆಯ ಕನ್ನಡ ಶಾಲೆಗಳ ಪಾಲಕರಿಗೆ ಹೇಳಬೇಕಿಲ್ಲ). ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಅಂತಹ ವಿಧಿಯೇ ಇಲ್ಲ.

ಆದರೂ ವಾರ್ಲ್‌ಪಿರಿಗಳ ಕೈ ಬರಿದಾಗಿರಲಿಲ್ಲ. ತನಮಿ ಮರುಭೂಮಿಯ ಚಿನ್ನದ ಗಣಿಯಿಂದ ಬರುವ ರಾಜಧನದ ಒಂದು ಪಾಲನ್ನು ಶಿಕ್ಷಣಕ್ಕೆಂದೇ ಎತ್ತಿಡಲು ಅವರು 2005ರಲ್ಲಿಯೇ ಒಂದು ನಿಧಿಯನ್ನು ಸ್ಥಾಪಿಸಿದ್ದರು. ಮನೆಮನೆಗೆ ಹಂಚಿಕೊಳ್ಳಬಹುದಾಗಿದ್ದ ಹಣವದು. ಯುವೆಂಡುಮು, ಲಜಾಮನು, ವಿಲೋರಾ, ನಿರ್ಪಿ ಈ ನಾಲ್ಕೂ ಊರುಗಳ ಶಾಲೆಗಳಲ್ಲಿ ವಾರ್ಲ್‌ಪಿರಿ ಪುಸ್ತಕಗಳಿಗೆ, ಹಿರಿಯರೊಡನೆ ಮಕ್ಕಳು ತಮ್ಮ ನೆಲಕ್ಕೆ ಹೋಗಿ ಬರುವ ಪ್ರವಾಸಗಳಿಗೆ ಅದು ಒದಗಿತು. ಕೆಲವು ವರ್ಷಗಳಲ್ಲಿ ನಾಲ್ಕು ಗಂಟೆಯ ಆದೇಶ ಸಡಿಲಗೊಂಡಾಗ ಶಾಲೆಯಲ್ಲಿ ವಾರ್ಲ್‌ಪಿರಿ ಇನ್ನೂ ಉಸಿರಾಡುತ್ತಿತ್ತು.

ಆ ಬಾಗಿಲುಗಳು ಈಗ ಅಡಿಲೇಡ್ ನಗರದ ವಸ್ತುಸಂಗ್ರಹಾಲಯದ ಸೊತ್ತು. ಹಿರಿಯರ ಚಿತ್ರಗಳ ಮೇಲೆ ಮಕ್ಕಳ ಗೀಚುಗಳೂ ಉಳಿದಿವೆ.