ನೀರಿನಲ್ಲಿ ನಿಂತು ಬಾಯಾರುವ ಸುಂದರಿ

ಖುಲ್ನಾದಿಂದ ಹೊರಟ ಲಾಂಚು ಮಂಗ್ಲಾ ಬಂದರನ್ನು ದಾಟಿ ಪಶುರ್ ನದಿಯ ಹರವಿನಲ್ಲಿ ದಕ್ಷಿಣಕ್ಕೆ ಸಾಗಿದರೆ, ಬಹುದೂರ ಹೋಗುವ ಮೊದಲೇ ಸುಂದರಬನದ ಹಸಿರುಗೋಡೆ ಎದುರಾಗುತ್ತದೆ. ಪ್ರವಾಸಿಗಳ ಕಣ್ಣೆಲ್ಲ ಹುಲಿಯ ಮೇಲೆ. ಹುಲಿಯೋ ಸುಲಭವಾಗಿ ದರ್ಶನವೀಯುವ ಪ್ರಾಣಿಯಲ್ಲ. ಈ ವನಕ್ಕೆ ಹೆಸರು ಕೊಟ್ಟಿತೆಂದು ಬಹುಮಂದಿ ನಂಬುವ ಸುಂದರಿ ಮರ ಮಾತ್ರ ದಡದಲ್ಲಿಯೇ ನಿಂತಿರುತ್ತದೆ. ಅದನ್ನು ನೋಡುವವರು ವಿರಳ.

ಉತ್ತರ ಕನ್ನಡದ ಅಳಿವೆಗಳಲ್ಲಿ ಜನ ಕಾಂಡ್ಲಾ ಎಂದು ಕರೆಯುವ ಕಾಡಿನ ಜಾತಿಯೇ ಇದು. ಆದರೆ ವಿಸ್ತಾರ ಸುಮಾರು 10,000 ಚದರ ಕಿಲೋಮೀಟರು! ಅದರಲ್ಲಿ ಸುಮಾರು 6,000 ಬಾಂಗ್ಲಾದೇಶಕ್ಕೆ ಸೇರಿದೆ, ಉಳಿದುದು ಭಾರತಕ್ಕೆ. ಸುಂದರಿಯ ಕೆಂಗಂದು ಮರ ಕಲ್ಲಿನಂತೆ ಗಟ್ಟಿ. ದೋಣಿಗೂ ಮನೆಯ ಕಂಬಕ್ಕೂ ಬಂಗಾಳದವರು ತಲೆತಲಾಂತರದಿಂದ ಇದನ್ನೇ ನೆಚ್ಚಿದ್ದರು.

ಉಬ್ಬರದ ನೀರು ದಿನಕ್ಕೆ ಎರಡಾವರ್ತಿ ಬುಡವನ್ನು ತೊಳೆಯುವ ಈ ಮರಕ್ಕೆ ನೀರಿನ ಕೊರತೆಯೆಂದರೆ ನಗೆ ಬಂದೀತು. ಆದರೆ ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಬೇರು ಆ ನೀರನ್ನು ಒಳಗೆಳೆಯುವುದು ಕಷ್ಟ. ಉಪ್ಪನ್ನು ಹೊರಗೇ ತಡೆದು ನೀರನ್ನಷ್ಟೇ ಸೇದಬೇಕು. ಅದನ್ನು ತುದಿಯ ಎಲೆಯವರೆಗೂ ಏರಿಸಬೇಕು. ಎಲೆಗಳು ತಮ್ಮ ಸೂಕ್ಷ್ಮರಂಧ್ರಗಳನ್ನು ಮುಚ್ಚಿ ನೀರನ್ನು ಉಳಿಸುತ್ತವೆ. ಆದರೆ ಅದೇ ಬಾಗಿಲಿನಿಂದ ಬರಬೇಕಾದ ಇಂಗಾಲದ ಡೈಆಕ್ಸೈಡೂ ನಿಲ್ಲುವುದರಿಂದ ಆಹಾರದ ತಯಾರಿ ಕುಗ್ಗಿ, ಬೆಳವಣಿಗೆ ಮಂದವಾಗುತ್ತದೆ. ನೆರೆಯ ಬಾಯಿನ್ ಮರ ಹೆಚ್ಚಿನ ಉಪ್ಪನ್ನು ಎಲೆಗಳ ಮೂಲಕ ಹೊರಹಾಕಿ ಹಗುರವಾಗುತ್ತದೆ. ಅದರ ಎಲೆಯ ಮೇಲೆ ಉಪ್ಪಿನ ಹರಳುಗಳನ್ನೇ ಕಾಣಬಹುದು. ಸುಂದರಿಗೆ ಆ ವಿದ್ಯೆ ತಿಳಿಯದು. ಉಪ್ಪನ್ನು ಸಹಿಸುತ್ತದೆ, ನಿಜ. ಆದರೆ ಅದರ ಮನಸ್ಸೆಲ್ಲ ಸಿಹಿನೀರಿನ ಮೇಲೆ.

ಆ ಸಿಹಿನೀರು ಬರುವುದು ದೂರದಿಂದ. ಗಂಗೆಯ ನೀರನ್ನು ಈ ಭಾಗಕ್ಕೆ ತರುವ ಮುಖ್ಯ ಕವಲು ಗೊರಾಯ್ ನದಿ. 1975ರಲ್ಲಿ ಫರಕ್ಕಾ ಬ್ಯಾರೇಜು ಕಾರ್ಯಾರಂಭ ಮಾಡಿ ಬೇಸಗೆಯ ನೀರಿನ ಒಂದು ಪಾಲು ಕಲ್ಕತ್ತೆಯ ಬಂದರಿನ ಕಡೆಗೆ ತಿರುಗಿತು. ಗೊರಾಯ್ ನದಿಯ ಮುಖದಲ್ಲಿ ಹೂಳು ತುಂಬುತ್ತ ಬಂದಿತು. 1990ರ ದಶಕದ ಕೊನೆಯಲ್ಲಿ ಅದನ್ನು ಎತ್ತಿಸಿದ ಮೇಲೂ ಮತ್ತೆ ತುಂಬಿತು. ಕಲ್ಕತ್ತೆಗೆ ಹಡಗು ಬೇಕು, ಖುಲ್ನಾಕ್ಕೆ ಸಿಹಿನೀರು ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಎರಡು ದೇಶಗಳು 1996ರಲ್ಲಿ 30 ವರ್ಷಗಳ ಒಪ್ಪಂದಕ್ಕೆ ಸಹಿ ಮಾಡಿದಾಗ ಮರಗಳ ಪರವಾಗಿ ಪಾಲು ಕೇಳುವವರಾರು?

ಸುಂದರಿಯ ರೋಗಕ್ಕೆ ಬಂಗಾಳಿಯಲ್ಲಿ ‘ಆಗಾಮರಾ’ ಎಂದು ಹೆಸರು, ತುದಿಯಿಂದ ಸಾಯುವುದೆಂದರ್ಥ. ಮೊದಲು ನೆತ್ತಿಯ ಕೊಂಬೆಗಳು ಬೋಳಾಗುತ್ತವೆ, ಬಳಿಕ ಒಣಗುವಿಕೆ ಕೆಳಗಿಳಿಯುತ್ತದೆ. ಉಪ್ಪೊಂದನ್ನೇ ದೂರಿದರೆ ಸಾಲದು. ಬೇರನ್ನು ಮುಚ್ಚುವ ಹೂಳು, ಶಿಲೀಂಧ್ರ, ಹುಳುಗಳನ್ನೂ ತಜ್ಞರು ಹೆಸರಿಸುತ್ತಾರೆ. ಬಾಂಗ್ಲಾದೇಶವು 1989ರಲ್ಲಿ ಹಸಿಮರ ಕಡಿಯುವುದನ್ನು ನಿಷೇಧಿಸಿತು. ಕೊಡಲಿಯನ್ನೇನೋ ತಡೆಯಬಹುದು, ಉಪ್ಪಿಗೆ ನಿಷೇಧಾಜ್ಞೆ ಹೊರಡಿಸುವುದು ಹೇಗೆ?

ಪೂರ್ವದಿಂದ ಪಶ್ಚಿಮಕ್ಕೆ, ಸಾತ್‌ಖೀರಾದ ಕಡೆಗೆ ತಿರುಗಿದಂತೆಲ್ಲ ಉಪ್ಪು ಹೆಚ್ಚುತ್ತದೆ, ಕಾಡು ಗಿಡ್ಡವಾಗುತ್ತದೆ. ಎತ್ತರದ ಸುಂದರಿಗಳ ಎಡೆಯಲ್ಲಿ ಗೇವಾ, ಗೊರಾನ್‌ಗಳ ಪೊದೆ. ಗಡಿಯಾಚೆ, ಸಿಹಿನೀರಿನ ಕವಲು ಹೂಳಿನಿಂದ ಮುಚ್ಚಿಹೋದ ಮಾತ್ಲಾ ನದಿಯ ದಂಡೆಯಲ್ಲಿ ಸುಂದರಿಯನ್ನು ಹುಡುಕಿ ನೋಡಬೇಕು. ಮಳೆಗಾಲದಲ್ಲಿ ದೋಣಿಯಂಥ ಅದರ ಕಾಯಿಗಳು ಭರತದ ನೀರಿನಲ್ಲಿ ತೇಲುತ್ತ ಈ ದಂಡೆಗಳಿಗೂ ಬಂದು ತಾಗಬಲ್ಲವು. ಮಳೆ ಉಪ್ಪನ್ನು ತೊಳೆದಿದ್ದ ಕಡೆ ಕೆಲವು ಮೊಳೆಯುತ್ತವೆ. ಬರುವ ಬೇಸಗೆಯನ್ನು ಅವು ಇನ್ನೂ ಕಂಡಿರುವುದಿಲ್ಲ.