ಛೆಟ್ರಿಯ ಪಾಸ್‌ಬುಕ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನನ್ನ ಬ್ಯಾಂಕ್ ನೌಕರಿಯೆಲ್ಲ ಈ ನಾಲ್ಕು ಊರುಗಳಲ್ಲೇ ಕಳೆಯಿತು. ನಮ್ಮ ಕಡೆ ಆಟ ಅಂದರೆ ಕುಸ್ತಿ, ಕಬಡ್ಡಿ, ಖೋ ಖೋ. ಟಿವಿ ಬಂದ ಮೇಲೆ ಕ್ರಿಕೆಟ್. ಹೀಗಿದ್ದ ನನಗೆ ಎಪ್ಪತ್ತು ದಾಟಿದ ಮೇಲೆ ಫುಟ್‌ಬಾಲ್ ಹುಚ್ಚು ಹಿಡಿಸಿದವನು ಎಂಟನೇ ಇಯತ್ತೆಯಲ್ಲಿ ಓದುವ ಮೊಮ್ಮಗ. ಅವನು ಕಾಲಿನ ಚಮತ್ಕಾರ ನೋಡುತ್ತಾನೆ, ನಾನು ಅಂಕಿ ನೋಡುತ್ತೇನೆ. ಬಿಕಾಂ ಓದಿ ಜೀವನವೆಲ್ಲ ಲೆಡ್ಜರ್ ಬರೆದವನ ಚಟ ಅದು.

ನಾನು ಹೆಚ್ಚು ಪರಿಶೀಲಿಸಿದ ಖಾತೆ ಸುನಿಲ್ ಛೆಟ್ರಿಯದು. ಹುಟ್ಟಿದ್ದು 1984ರಲ್ಲಿ ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು, ತಾಯಿ ನೇಪಾಳ ತಂಡಕ್ಕೆ ಫುಟ್‌ಬಾಲ್ ಆಡಿದವರು. 2013ರಿಂದ ಬೆಂಗಳೂರು ಎಫ್‌ಸಿಯ ಆಟಗಾರರಾದ್ದರಿಂದ ಕರ್ನಾಟಕದವರು ಅವರನ್ನು ನಮ್ಮವರೇ ಅಂತ ಅಂದುಕೊಂಡಿದ್ದೇವೆ. ದೇಶಕ್ಕಾಗಿ ಮೊದಲ ಪಂದ್ಯ ಆಡಿದ್ದು 2005ರ ಜೂನ್ 12ರಂದು, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಇಪ್ಪತ್ತರ ಹುಡುಗ. ಅಂದೇ ಒಂದು ಗೋಲು, ಪಂದ್ಯ 1-1. ವಿದಾಯ ಹೇಳಿದ್ದು 2024ರ ಜೂನ್ 6ರಂದು, ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ. ಲೆಕ್ಕ ಹಾಕಿದೆ: 19 ವರ್ಷಕ್ಕೆ ಆರು ದಿನ ಕಡಿಮೆ. 151 ಪಂದ್ಯ, 94 ಗೋಲು. ಅವತ್ತಿನ ಮಟ್ಟಿಗೆ ಜಗತ್ತಿನಲ್ಲಿ ಇದಕ್ಕಿಂತ ಹೆಚ್ಚು ಅಂತರರಾಷ್ಟ್ರೀಯ ಗೋಲು ಹೊಡೆದ ಗಂಡಸರು ಮೂವರೇ: ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ.

"ಅಜ್ಜಾ, ಅಂವ ಹೊಡದದ್ದು ಬರೇ ನೇಪಾಳ, ಮಾಲ್ದೀವ್ಸ್ ಮ್ಯಾಲೆ. ನಮ್ಮ ಸಾಲಿ ಹುಡುಗ್ರೆಲ್ಲಾ ನಗ್ತಾರ" ಅಂದ ಮೊಮ್ಮಗ.

ಮಾತು ಪೂರ್ತಿ ಸುಳ್ಳಲ್ಲ. 151 ಪಂದ್ಯಕ್ಕೆ 94 ಅಂದರೆ ನೂರು ಪಂದ್ಯಕ್ಕೆ 62. ಮೆಸ್ಸಿ, ರೊನಾಲ್ಡೊ ಅವರ ಸರಾಸರಿಯೂ ಹೆಚ್ಚುಕಡಿಮೆ ಇಷ್ಟೇ. ಆದರೆ ಎರಡು ಪಾಸ್‌ಬುಕ್ಕಿನಲ್ಲಿ ಬಾಕಿ ಒಂದೇ ಇದ್ದ ಮಾತ್ರಕ್ಕೆ ಇಬ್ಬರು ಗಿರಾಕಿಗಳೂ ಒಂದೇ ಎಂದು ಯಾವ ಗುಮಾಸ್ತನೂ ಹೇಳುವುದಿಲ್ಲ. ಮೆಸ್ಸಿಯ ಖಾತೆಯಲ್ಲಿ 2022ರ ವಿಶ್ವಕಪ್ ಫೈನಲ್ಲಿನ ಎರಡು ಗೋಲುಗಳಿವೆ. ಛೆಟ್ರಿಗೆ ವಿಶ್ವಕಪ್ ಆಡುವ ಯೋಗವೇ ಬರಲಿಲ್ಲ. ಮೆಸ್ಸಿ ದೊಡ್ಡ ಆಟಗಾರ, ಅದರಲ್ಲಿ ವಾದವಿಲ್ಲ.

ಆದರೆ ಮೊಮ್ಮಗನಿಗೆ ನಾನು ಪುಟ ತಿರುವಿ ತೋರಿಸಿದೆ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ದೆಹಲಿ: ತಜಿಕಿಸ್ತಾನದ ವಿರುದ್ಧ ಮೂರು ಗೋಲು. ಆ ಗೆಲುವಿನಿಂದಲೇ ಭಾರತಕ್ಕೆ 2011ರ ಏಷ್ಯಾ ಕಪ್ಪಿನ ಬಾಗಿಲು ತೆರೆಯಿತು. ಅಲ್ಲಿ ಬಹ್ರೇನ್ ಮೇಲೆ ಒಂದು, ದಕ್ಷಿಣ ಕೊರಿಯಾ ಮೇಲೆ ಒಂದು. 2019ರ ಏಷ್ಯಾ ಕಪ್ಪಿನಲ್ಲಿ ಥಾಯ್ಲೆಂಡ್ ಮೇಲೆ ಎರಡು. ಇವರೆಲ್ಲ ಮಾಲ್ದೀವ್ಸ್ ಅಲ್ಲ. ಇನ್ನು, ಛೆಟ್ರಿ ಆಡಿದ ತಂಡ ಯಾವುದು? 2015ರಲ್ಲಿ ಫಿಫಾ ಪಟ್ಟಿಯಲ್ಲಿ 173ನೇ ಸ್ಥಾನಕ್ಕೆ ಇಳಿದಿದ್ದ ತಂಡ. ಅಂಥ ತಂಡದ ಮುಂಚೂಣಿ ಆಟಗಾರನ ಹತ್ತಿರ ಚೆಂಡು ಬರುವುದೇ ಅಪರೂಪ. ಬಂದದ್ದನ್ನು ಬಿಡದೆ ಜಮಾ ಮಾಡಿಕೊಂಡದ್ದೇ ಈ ಮೊತ್ತ.

ನನಗೆ ಬಹಳ ಹಿಡಿಸಿದ ಗೋಲು ಹೇಳುತ್ತೇನೆ. 2023ರ ಜೂನ್ 21, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಸ್ಯಾಫ್ ಪಂದ್ಯಾವಳಿ, ಎದುರಾಳಿ ಪಾಕಿಸ್ತಾನ. ಹತ್ತನೇ ನಿಮಿಷ. ಚೆಂಡು ಪಾಕಿಸ್ತಾನದ ಗೋಲಿಯ ಕಾಲ ಬಳಿ ಇದೆ. ಒದ್ದು ದೂರ ಕಳಿಸುತ್ತಾನೆ, ಅಷ್ಟೇ, ಎಂದು ಎಲ್ಲರೂ ಸುಮ್ಮನಿರುವ ಹೊತ್ತು. ಮೂವತ್ತೆಂಟು ದಾಟಿದ ಛೆಟ್ರಿ ಸುಮ್ಮನಿರಲಿಲ್ಲ, ಮೈಮೇಲೆ ಬಿದ್ದಂತೆ ಓಡಿದರು. ಗೋಲಿ ಗಡಿಬಿಡಿಯಾದ, ಚೆಂಡು ತಪ್ಪಿತು, ಖಾಲಿ ಗೋಲಿಗೆ ಛೆಟ್ರಿ ಮೆಲ್ಲಗೆ ತಳ್ಳಿದರು. ನೋಡಿದರೆ ಪುಕ್ಕಟೆ ಗೋಲು. ಆದರೆ ಮಕ್ಕಳೇ, ಹಾಗೆ ಓಡಿದ ನೂರು ಸಲದಲ್ಲಿ ತೊಂಬತ್ತು ಸಲ ಏನೂ ಸಿಗುವುದಿಲ್ಲ. ಆ ಓಟಗಳು ಯಾವ ಖಾತೆಯಲ್ಲೂ ಬರೆದಿರುವುದಿಲ್ಲ. ಆಮೇಲೆ ಎರಡು ಪೆನಾಲ್ಟಿ ಸೇರಿ ಹ್ಯಾಟ್ರಿಕ್, ಪಂದ್ಯ 4-0. ಜುಲೈ 4ರಂದು ಅದೇ ಮೈದಾನದಲ್ಲಿ ಕುವೈತನ್ನು ಪೆನಾಲ್ಟಿ ಶೂಟೌಟಿನಲ್ಲಿ ಸೋಲಿಸಿ ಕಪ್ಪೂ ಗೆದ್ದರು.

ಇಷ್ಟಾಗಿಯೂ ಜನ ಬಂದು ನೋಡಿದರೇ? 2018ರ ಜೂನ್ 1ರಂದು ಮುಂಬಯಿಯಲ್ಲಿ ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ಕ್ರೀಡಾಂಗಣದಲ್ಲಿದ್ದವರು ಎರಡೂವರೆ ಸಾವಿರ ಮಂದಿ. ನಮ್ಮೂರ ಜಾತ್ರೆಯ ಕುಸ್ತಿಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಮರುದಿನ ಛೆಟ್ರಿ ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು: ಬೈಯಿರಿ, ಟೀಕೆ ಮಾಡಿರಿ, ಆದರೆ ಮೈದಾನಕ್ಕೆ ಬನ್ನಿರಿ ಎಂದು. ಜೂನ್ 4ರಂದು ಅವರ ನೂರನೇ ಪಂದ್ಯ. ಸುರಿವ ಮಳೆಯಲ್ಲೂ ಕ್ರೀಡಾಂಗಣ ತುಂಬಿತು. ಕೀನ್ಯಾ ವಿರುದ್ಧದ ಮೂರು ಗೋಲಿನಲ್ಲಿ ಎರಡು ಅವರವೇ. ದೇಶದ ನಾಯಕನಾದವನು ನೋಡಲು ಬನ್ನಿ ಎಂದು ಬೇಡಿಕೊಳ್ಳಬೇಕಾಯಿತಲ್ಲ ಎಂದು ನನಗೆ ಈಗಲೂ ಕಸಿವಿಸಿ.

ಸಣ್ಣ ಊರಿನ ಬ್ಯಾಂಕ್ ಶಾಖೆಯಲ್ಲಿ ಒಬ್ಬನೇ ದೊಡ್ಡ ಠೇವಣಿದಾರ ಇರುತ್ತಾನೆ. ಅವನು ಹಣ ತೆಗೆದ ದಿನ ಶಾಖೆಯ ನಿಜವಾದ ಬಲ ಎಷ್ಟೆಂದು ಗೊತ್ತಾಗುತ್ತದೆ. ಛೆಟ್ರಿ ಬಿಟ್ಟ ಮೇಲೆ 2024ರಲ್ಲಿ ಭಾರತ ಆಡಿದ ಐದು ಪಂದ್ಯಗಳಲ್ಲಿ ಬಂದ ಗೋಲು ಮೂರು, ಗೆಲುವು ಸೊನ್ನೆ. ಕೊನೆಗೆ ಕೋಚ್ ಅವರನ್ನೇ ವಾಪಸ್ ಕರೆದರು. ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ನೂರು ಕೋಟಿ ದಾಟಿದ ದೇಶಕ್ಕೆ ನಲವತ್ತರ ಮನುಷ್ಯನೇ ಮತ್ತೆ ಬೂಟು ಕಟ್ಟಬೇಕೇ?

ಕಟ್ಟಿದರು. 2025ರ ಮಾರ್ಚ್ 19, ಶಿಲ್ಲಾಂಗ್. ಬದಿಯಿಂದ ಬಂದ ಚೆಂಡಿಗೆ ತಲೆ ಕೊಟ್ಟು 95ನೆಯದನ್ನು ಜಮಾ ಮಾಡಿದರು. ಪಂದ್ಯ 3-0, ಹದಿನಾರು ತಿಂಗಳ ನಂತರ ಭಾರತದ ಮೊದಲ ಗೆಲುವು.

ಎದುರಾಳಿ ಮಾಲ್ದೀವ್ಸ್. ಮೊಮ್ಮಗ ಅವತ್ತು ನಗಲಿಲ್ಲ.